ದರ್ಪಣ ಧರ್ಮ



ಮನುಷ್ಯನ ಕಣ್ಣು ಲೋಕವನ್ನೆಲ್ಲ ಕಾಣಬಲ್ಲುದು. ಆದರೆ ತನ್ನನ್ನು ತಾನು ಕಾಣಲಾರದು. ದೂರದ ಗುಡ್ಡದ ಮೇಲಿನ ಗುಡಿಯ ಕಳಸ ನಮಗೆ ಕಾಣುತ್ತದೆ. ಕಣ್ಣಿಗೆ ಎರಡಂಗುಲ ಮೇಲೆ, ನಮ್ಮದೇ ಹಣೆಯಲ್ಲಿರುವ ವಿಭೂತಿ ಕಾಣುವುದಿಲ್ಲ. ನಮ್ಮ ಮುಖವನ್ನು ಊರಿನವರೆಲ್ಲ ಬಲ್ಲರು. ಅದನ್ನು ನೇರವಾಗಿ ಕಾಣದವರು ನಾವೊಬ್ಬರೇ. ದೇಹದ ವಿಷಯದಲ್ಲಿ ದಿಟವಾದ ಈ ಮಾತು ನಮ್ಮ ಗುಣಾವಗುಣಗಳ ವಿಷಯದಲ್ಲಿಯೂ ದಿಟವಾಗಿರಬಹುದೇ?

“ನನ್ನ ಮನಸ್ಸಾಕ್ಷಿಗೆ ನಾನು ಸರಿಯಾಗಿದ್ದೇನೆ, ಇನ್ನಾರಿಗೂ ನಾನು ಉತ್ತರ ಹೇಳಬೇಕಾಗಿಲ್ಲ” ಎಂಬ ಮಾತನ್ನು ನೀವು ಅನೇಕ ಸಲ ಕೇಳಿದ್ದೀರಿ. ಪಂಚಾಯಿತಿಯ ಕಟ್ಟೆಯ ಮೇಲೆ, ಸಹಕಾರ ಸಂಘದ ಸಭೆಯಲ್ಲಿ, ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಳ್ಳುವಾಗ, ಗಂಡ ಹೆಂಡಿರ ವಾಗ್ವಾದದಲ್ಲಿ ಈ ಮಾತು ಬಂದೇ ಬರುತ್ತದೆ. ಬಂದೊಡನೆ ವಾದ ನಿಂತುಹೋಗುತ್ತದೆ. ಮನಸ್ಸಾಕ್ಷಿಯ ಮೇಲೆ ಮೇಲ್ಮನವಿ ಎಲ್ಲಿದೆ? ಆದರೆ ಈ ಸಾಕ್ಷಿ ಎಷ್ಟರಮಟ್ಟಿಗೆ ನಂಬತಕ್ಕ ಸಾಕ್ಷಿ, ತನ್ನನ್ನು ತಾನು ತೂಗಿಕೊಳ್ಳಲು ಮನುಷ್ಯನೊಬ್ಬನೇ ಸಾಕೇ ಎಂಬುದು ನೀತಿಯ ದೊಡ್ಡ ಪ್ರಶ್ನೆ. ಇದನ್ನು ವಿಚಾರಿಸಲು ಶಾಸ್ತ್ರಗ್ರಂಥಗಳ ರಾಶಿಯನ್ನು ತೆರೆಯಬೇಕಾಗಿಲ್ಲ. ಪ್ರತಿಯೊಬ್ಬರ ಮನೆಯ ಗೋಡೆಯಲ್ಲಿ ಒಂದು ಮೊಳೆಗೆ ತೂಗಿಬಿದ್ದಿರುವ ಸಾಧಾರಣ ಕನ್ನಡಿಯೇ ಇದಕ್ಕೆ ತಕ್ಕ ಗುರು. ಆ ಸಮತಲ ದರ್ಪಣದ ಮೇಲೆ ಬಿದ್ದ ಬೆಳಕು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಸಾವಧಾನದಿಂದ ನೋಡೋಣ.

ಮೊದಲಿಗೆ ಹೆಸರನ್ನೇ ನೋಡಿ. ಸಂಸ್ಕೃತದಲ್ಲಿ ಇದಕ್ಕೆ ದರ್ಪಣವೆಂದು ಹೆಸರು. ದರ್ಪವೆಂಬ ಮಾತೂ ದರ್ಪಣವೆಂಬ ಮಾತೂ ಒಂದೇ ಧಾತುವಿನಿಂದ ಹುಟ್ಟಿದವು; ನೋಡಿಕೊಂಡವನಿಗೆ ಹೆಮ್ಮೆಯನ್ನು ತರುವುದು ದರ್ಪಣ. ನಮ್ಮ ನುಡಿಯ ಕನ್ನಡಿಗಾದರೋ ಕಣ್ಣಿನ ನಂಟು. ತಮಿಳಿನಲ್ಲಿ ಇದೇ ಮಾತು ‘ಕಣ್ಣಾಡಿ’ ಎಂದಿದೆ. ಒಂದೇ ವಸ್ತು ಒಂದು ನುಡಿಯಲ್ಲಿ ಅಹಂಕಾರದ ಕಡೆಗೆ, ಇನ್ನೊಂದು ನುಡಿಯಲ್ಲಿ ಕಾಣ್ಕೆಯ ಕಡೆಗೆ ಮುಖ ಮಾಡಿರುವುದು ವಿಚಾರಾರ್ಹವಾಗಿದೆ. ಬೇಲೂರಿನಲ್ಲಿ ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ದರ್ಪಣ ಸುಂದರಿಯನ್ನು ನೋಡಿದವರು ಈ ಎರಡು ಅರ್ಥಗಳನ್ನೂ ಒಂದೇ ಶಿಲೆಯಲ್ಲಿ ಕಂಡಿರಬೇಕು. ಆಕೆ ತನ್ನ ಚೆಲುವಿಗೆ ತಾನೇ ಮರುಳಾಗಿರುವಳೋ, ತನ್ನಲ್ಲಿ ಏನನ್ನೋ ಹುಡುಕುತ್ತಿರುವಳೋ ಹೇಳುವುದು ಕಷ್ಟ.

ಇನ್ನು ಬೆಳಕಿನ ನಡೆ. ಕನ್ನಡಿಯ ಮೇಲೆ ಒಂದು ಕಿರಣ ಬಿದ್ದಿತೆನ್ನಿ. ಅದು ಬಿದ್ದ ಬಿಂದುವಿನಲ್ಲಿ ಕನ್ನಡಿಗೆ ಲಂಬವಾಗಿ ಒಂದು ಗೆರೆಯನ್ನು ಎಳೆದರೆ, ಆ ಗೆರೆಗೆ ಎಷ್ಟು ಕೋನದಲ್ಲಿ ಕಿರಣ ಬಂದಿತೋ ಅಷ್ಟೇ ಕೋನದಲ್ಲಿ ಆಚೆ ಬದಿಗೆ ಹೊರಟುಹೋಗುತ್ತದೆ. ಪತನ ಕೋನವೂ ಪ್ರತಿಫಲನ ಕೋನವೂ ಸಮ. ಮೂವತ್ತು ಅಂಶದಲ್ಲಿ ಬಂದದ್ದು ಮೂವತ್ತರಲ್ಲಿಯೇ ಹೋಗುವುದು. ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಗ್ರೀಕರ ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಇದನ್ನು ಬಲ್ಲವನಾಗಿದ್ದನು. ಅಲೆಕ್ಸಾಂಡ್ರಿಯದ ಹೀರೋ ಎಂಬ ಪಂಡಿತನು, ದೀಪದಿಂದ ಹೊರಟು ಕನ್ನಡಿಯನ್ನು ಮುಟ್ಟಿ ಕಣ್ಣಿಗೆ ಬರುವ ಹಾದಿಗಳಲ್ಲೆಲ್ಲ ಅತ್ಯಂತ ಹ್ರಸ್ವವಾದ ಹಾದಿಯೇ ಈ ಸಮಕೋನದ ಹಾದಿಯೆಂದು ತೋರಿಸಿಕೊಟ್ಟನು. ಬಾಸ್ರಾ ಪಟ್ಟಣದಲ್ಲಿ ಹುಟ್ಟಿ ಸುಮಾರು ೧೦೪೦ರಲ್ಲಿ ತೀರಿಕೊಂಡ ಇಬ್ನ್ ಅಲ್ ಹೈತಮನು ಬೆಳಕಿನ ನಡೆಯನ್ನು ಪ್ರಯೋಗಗಳಿಂದ ಪರೀಕ್ಷಿಸಿ ದೊಡ್ಡ ಗ್ರಂಥವನ್ನೇ ರಚಿಸಿದನು. ಬೆಳಕಿಗೆ ವಕ್ರ ಬುದ್ಧಿಯಿಲ್ಲ ಎಂಬುದನ್ನು ಹೀಗೆ ಬೇರೆ ಬೇರೆ ನಾಡುಗಳ ಜ್ಞಾನಿಗಳು ಕಂಡುಕೊಂಡಿದ್ದಾರೆ.

ಹಾಗಾದರೆ ಸುಣ್ಣ ಬಳಿದ ಬಿಳಿಯ ಗೋಡೆಯಲ್ಲಿ ಮುಖವೇಕೆ ಕಾಣುವುದಿಲ್ಲ? ಗೋಡೆಯೂ ಬೆಳಕನ್ನು ಹಿಂದಿರುಗಿಸುತ್ತದೆ; ಬಿಳಿಯ ಗೋಡೆಯಂತೂ ಬಿದ್ದ ಬೆಳಕಿನ ಬಹುಭಾಗವನ್ನು ಹಿಂದಿರುಗಿಸುತ್ತದೆ. ಆದರೆ ಅದರ ಮೈಯಲ್ಲಿರುವ ಸಾವಿರಾರು ಸೂಕ್ಷ್ಮವಾದ ಉಬ್ಬು ತಗ್ಗುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿರುವುದರಿಂದ ಕಿರಣಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅಲ್ಲಿ ಬೆಳಕಿಗೆ ಕೊರತೆಯಿಲ್ಲ, ಸಮತೆಗೆ ಕೊರತೆಯಿದೆ. ೧೨೨೪ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಡೆದ ಕಂಬಗಳನ್ನು ನೋಡಿ. ಗಣಿಯಿಂದ ತೆಗೆದ ಒರಟು ಬಂಡೆಯೂ ಕಲ್ಲೇ, ಆ ಕಂಬವೂ ಕಲ್ಲೇ. ತಿರುಗಣೆಗೆ ಕೊಟ್ಟು ಉಜ್ಜಿ ನಯಗೊಳಿಸಿದ ಮೇಲೆ ಕಲ್ಲಿಗೂ ಎದುರಿನದನ್ನು ತೋರುವ ಗುಣ ಬರುತ್ತದೆ. ಕನ್ನಡಿಯ ಗುಣವು ಯಾವುದೋ ಒಂದು ದ್ರವ್ಯಕ್ಕೆ ಮೀಸಲಾದ ವರವಲ್ಲ, ಸಂಸ್ಕಾರದಿಂದ ಬರುವಂಥದು ಎಂಬುದನ್ನು ಇಲ್ಲಿ ಮನಗಾಣಬೇಕು. ಮನಸ್ಸಿನ ವಿಷಯವೂ ಹಾಗೆಯೇ. ಓದು, ಬುದ್ಧಿ, ಅನುಭವ ಎಲ್ಲವೂ ಧಾರಾಳವಾಗಿದ್ದರೂ ಕ್ಷಣಕ್ಕೊಂದು ದಿಕ್ಕಿಗೆ ತಿರುಗುವ ಮನಸ್ಸಿನಲ್ಲಿ ತನ್ನ ರೂಪವಾಗಲಿ ಪರರ ರೂಪವಾಗಲಿ ಮೂಡಲಾರದು.

ಕನ್ನಡಿಯಲ್ಲಿ ಕಾಣುವ ರೂಪವು ಎಲ್ಲಿದೆ? ನಾವು ಕನ್ನಡಿಯಿಂದ ಎಷ್ಟು ಮುಂದೆ ನಿಂತಿದ್ದೇವೆಯೋ ಅದು ಅಷ್ಟೇ ಹಿಂದೆ ನಿಂತಂತೆ ಕಾಣುತ್ತದೆ. ಎರಡು ಮಾರು ಮುಂದೆ ನಿಂತರೆ ಎರಡು ಮಾರು ಹಿಂದೆ. ಆದರೆ ಕನ್ನಡಿಯ ಹಿಂದೆ ಹೋಗಿ ನೋಡಿದರೆ ಗೋಡೆ, ಗೋಡೆಯ ಆಚೆ ದನದ ಕೊಟ್ಟಿಗೆ! ಬೆಳಕಿನ ಒಂದು ಕಿರಣವೂ ಅಲ್ಲಿಗೆ ಹೋಗಿಲ್ಲ. ಆದುದರಿಂದಲೇ ಶಾಲೆಯ ಪಾಠದಲ್ಲಿ ಇದನ್ನು ಮಿಥ್ಯಾಬಿಂಬವೆಂದು ಕರೆಯುತ್ತಾರೆ. ನಮ್ಮ ಹಿರಿಯರು ‘ಕನ್ನಡಿಯೊಳಗಿನ ಗಂಟು’ ಎಂದದ್ದು ಇದನ್ನೇ. ಕಾಣುವುದು, ಕೈಗೆ ಸಿಗದು. ಆದರೆ ಈ ‘ಮಿಥ್ಯೆ’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಬಿಂಬ ಇರುವ ಸ್ಥಳ ಮಿಥ್ಯೆಯೇ ಹೊರತು ಬಂದ ಬೆಳಕು ಮಿಥ್ಯೆಯಲ್ಲ. ಅಂಗಳದ ಬಿಸಿಲಿಗೆ ಕೈಗನ್ನಡಿಯನ್ನೊಡ್ಡಿ ಮಕ್ಕಳು ಕತ್ತಲೆಯ ನಡುಮನೆಗೆ ಬೆಳಕನ್ನು ಹಾಯಿಸುವುದಿಲ್ಲವೇ? ಆ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಬಹುದು. ಪರರಲ್ಲಿ ನಾವು ಕಾಣುವ ಎಷ್ಟೋ ದೋಷಗಳು ಇದೇ ಬಗೆಯವು. ದೋಷವು ಅವರಲ್ಲಿದೆ ಎಂದು ನಮಗೆ ತೋರುತ್ತದೆ, ಹೊರಟದ್ದು ನಮ್ಮಿಂದಲೇ. ಅಂಥ ಸಂದರ್ಭದಲ್ಲಿ ಕಂಡದ್ದು ಸುಳ್ಳಲ್ಲ, ಇಟ್ಟ ಜಾಗ ಸುಳ್ಳು.

ಈಗ ಬಹುಕಾಲದ ಒಂದು ಸೋಜಿಗಕ್ಕೆ ಬರೋಣ. ಕನ್ನಡಿಯು ಎಡವನ್ನು ಬಲ, ಬಲವನ್ನು ಎಡ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತೇವೆ. ಹಾಗಾದರೆ ಅದು ತಲೆಯನ್ನು ಕೆಳಗೆ, ಕಾಲನ್ನು ಮೇಲೆ ಏಕೆ ಮಾಡುವುದಿಲ್ಲ? ಜಡವಾದ ಗಾಜಿಗೆ ಎಡಬಲಗಳ ಮೇಲೆಯೇ ಏಕೆ ಈ ಪಕ್ಷಪಾತ?

ಪೂರ್ವದ ಗೋಡೆಯ ಕನ್ನಡಿಗೆ ಮುಖ ಮಾಡಿ ನೀವು ನಿಂತಿದ್ದೀರೆಂದುಕೊಳ್ಳಿ. ನಿಮ್ಮ ಬಲಗೈ ದಕ್ಷಿಣಕ್ಕಿದೆ. ಅದನ್ನು ಎತ್ತಿರಿ. ಕನ್ನಡಿಯಲ್ಲಿಯೂ ದಕ್ಷಿಣದ ಕಡೆಯ ಕೈಯೇ ಮೇಲೇಳುತ್ತದೆ. ದಕ್ಷಿಣ ದಕ್ಷಿಣವಾಗಿಯೇ ಉಳಿಯಿತು, ಉತ್ತರ ಉತ್ತರವಾಗಿ ಉಳಿಯಿತು, ತಲೆ ಮೇಲೆಯೇ ಇದೆ, ಪಾದ ಕೆಳಗೆಯೇ ಇದೆ. ಬದಲಾದುದು ಒಂದೇ: ನೀವು ಪೂರ್ವಕ್ಕೆ ಮುಖ ಮಾಡಿದ್ದೀರಿ, ಬಿಂಬವು ಪಶ್ಚಿಮಕ್ಕೆ ಮುಖ ಮಾಡಿದೆ. ಕನ್ನಡಿ ತಿರುಗಿಸಿದ್ದು ಎಡಬಲಗಳನ್ನಲ್ಲ, ಹಿಂದು ಮುಂದುಗಳನ್ನು. ಎಡಬಲದ ಗೊಂದಲವೆಲ್ಲ ಹುಟ್ಟಿದ್ದು ನಮ್ಮ ಕಲ್ಪನೆಯಲ್ಲಿ. ಆ ಬಿಂಬವನ್ನು ನಾವು, ನಡೆದುಹೋಗಿ ತಿರುಗಿ ನಮಗೆದುರಾಗಿ ನಿಂತ ಇನ್ನೊಬ್ಬ ಮನುಷ್ಯನೆಂದು ಭಾವಿಸುತ್ತೇವೆ. ಹಾಗೆ ನಿಂತವನ ಬಲಗೈ ಉತ್ತರಕ್ಕಿರಬೇಕಾಗಿತ್ತು. ಇಲ್ಲಿ ದಕ್ಷಿಣದ ಕೈ ಎದ್ದಿದೆ. ಆದ್ದರಿಂದ “ಕನ್ನಡಿಯವನು ಎಡಗೈ ಎತ್ತಿದ” ಎಂದು ಬಗೆಯುತ್ತೇವೆ.

ಇದಕ್ಕೆ ಪ್ರಮಾಣ ಬೇಕೆಂದರೆ ಕಡರನಾಯಕನಹಳ್ಳಿಯನ್ನೊಳಗೊಂಡ ಹರಿಹರ ಸೀಮೆಯ ರೈತನನ್ನು ಕೇಳಿ. ಭದ್ರಾ ನಾಲೆಯ ನೀರು ಹಾಯಿಸಿ, ಹಲಗೆ ಹೊಡೆದು ಸಮ ಮಾಡಿದ ಗದ್ದೆ ನಾಟಿಗೆ ಮುಂಚೆ ಗಾಳಿಯಿಲ್ಲದ ಮುಂಜಾವಿನಲ್ಲಿ ಮಲಗಿಸಿದ ಕನ್ನಡಿಯಂತೆಯೇ ಇರುತ್ತದೆ. ಬದುವಿನ ತೆಂಗಿನ ಮರ ಅದರಲ್ಲಿ ತಲೆಕೆಳಗಾಗಿ ಕಾಣುತ್ತದೆ. ಇಲ್ಲಿ ಮೇಲು ಕೆಳಗುಗಳು ಅದಲುಬದಲಾದುವು. ಏಕೆಂದರೆ ಇಲ್ಲಿ ಕನ್ನಡಿಗೆ ಲಂಬವಾದ ದಿಕ್ಕು ಮೇಲು ಕೆಳಗಿನದು. ನಿಲ್ಲಿಸಿದ ಕನ್ನಡಿ ಹಿಂದು ಮುಂದುಗಳನ್ನೂ ಮಲಗಿದ ಕನ್ನಡಿ ಮೇಲು ಕೆಳಗುಗಳನ್ನೂ ತಿರುಗಿಸುತ್ತದೆ. ನಿಯಮ ಒಂದೇ, ಪಕ್ಷಪಾತವಿಲ್ಲ.

ಹರಿಹರದ ಮೂಲಮೂರ್ತಿಯನ್ನು ದರ್ಶನ ಮಾಡಿದವರಿಗೆ ಈ ವಿಷಯ ಇನ್ನೂ ಸುಲಭವಾಗಿ ತಿಳಿಯುತ್ತದೆ. ಆ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಎದುರಿಗೆ ನಿಂತ ನಮ್ಮ ಎಡಗೈಯ ಕಡೆಗೆ ಹರನ ಭಾಗ ಬರುತ್ತದೆ. “ಹರನು ಎಡಕ್ಕಿದ್ದಾನೆ” ಎಂದು ಭಕ್ತನೂ “ಹರನು ಬಲಕ್ಕಿದ್ದಾನೆ” ಎಂದು ಅರ್ಚಕನೂ ಹೇಳಿದರೆ ಇಬ್ಬರಲ್ಲಿ ಯಾರೂ ಸುಳ್ಳುಗಾರರಲ್ಲ. ಒಬ್ಬನು ತಾನು ನಿಂತ ಕಡೆಯಿಂದ ಹೇಳಿದನು, ಇನ್ನೊಬ್ಬನು ದೇವರ ಕಡೆಯಿಂದ ಹೇಳಿದನು. ಒಂದು ಸತ್ಯಕ್ಕೆ ಎರಡು ನಿಲುವುಗಳುಂಟು ಎಂಬ ಈ ಸಾಮಾನ್ಯ ಸಂಗತಿಯನ್ನು ಮರೆತು ಎಷ್ಟು ಮನೆಗಳು ಒಡೆದಿವೆ, ಎಷ್ಟು ಊರುಗಳಲ್ಲಿ ಎರಡೆರಡು ಪಂಗಡಗಳಾಗಿವೆ ಎಂಬುದನ್ನು ನೀವೇ ಲೆಕ್ಕ ಹಾಕಿರಿ.

ಇನ್ನು ನಾವು ಹೊರಟ ಪ್ರಶ್ನೆಗೆ ಬರಬಹುದು. ಜೀವಮಾನವೆಲ್ಲ ನಾವು ನಮ್ಮ ಮುಖವೆಂದು ಬಲ್ಲದ್ದು ಕನ್ನಡಿಯ ಮುಖವನ್ನು. ನೆರೆಯವರು ಬಲ್ಲದ್ದು ಎದುರಿನಿಂದ ಕಂಡ ಮುಖವನ್ನು. ಇವೆರಡೂ ಒಂದೇ ಅಲ್ಲ. ಯಾರ ಮುಖವೂ ಎರಡು ಪಾರ್ಶ್ವಗಳಲ್ಲಿ ಪೂರ್ಣ ಸಮನಾಗಿರುವುದಿಲ್ಲ. ಒಂದು ಹುಬ್ಬು ತುಸು ಮೇಲೆ, ಬೈತಲೆ ಒಂದು ಕಡೆಗೆ, ನಗುವಾಗ ತುಟಿ ಒಂದು ಬದಿಗೆ. ಆದ್ದರಿಂದಲೇ ತನ್ನ ಭಾವಚಿತ್ರವನ್ನು ನೋಡಿದವನಿಗೆ “ಇದು ನನ್ನಂತಿಲ್ಲ” ಎನಿಸುತ್ತದೆ. ಪಕ್ಕದಲ್ಲಿದ್ದವರು “ಅಚ್ಚು ನಿನ್ನಂತೆಯೇ ಇದೆ” ಎನ್ನುತ್ತಾರೆ. ಈಗಿನ ಕೈಫೋನುಗಳಲ್ಲಿ ತಮ್ಮ ಪಟವನ್ನು ತಾವೇ ತೆಗೆದುಕೊಳ್ಳುವ ಯುವಕರಿಗೆ ಇದು ಚೆನ್ನಾಗಿ ಗೊತ್ತು. ತೆಗೆಯುವಾಗ ಪರದೆಯಲ್ಲಿ ಕಂಡದ್ದು ಕನ್ನಡಿಯ ರೂಪ. ಅನೇಕ ಫೋನುಗಳಲ್ಲಿ ಉಳಿದುಬರುವುದು ಲೋಕ ಕಾಣುವ ರೂಪ. ಎರಡನ್ನೂ ಹೋಲಿಸಿ ಅವರು ಒಂದು ಕ್ಷಣ ಬೆಚ್ಚುತ್ತಾರೆ. ಆ ಬೆಚ್ಚುವಿಕೆಯಲ್ಲಿ ಒಂದು ಪಾಠವಿದೆ. ಮನಸ್ಸಾಕ್ಷಿ ಎಂಬುದು ಈ ಒಂಟಿ ಕನ್ನಡಿಯಂತೆ. ಅದು ಸುಳ್ಳು ಹೇಳುವುದಿಲ್ಲ. ಅದನ್ನು ತಿರಸ್ಕರಿಸಲೂ ಬಾರದು. ಹಣೆಯ ಮಸಿಯನ್ನು ಅದು ತೋರಿಸಿಯೇ ತೋರಿಸುತ್ತದೆ. ಆದರೆ ಅದು ತೋರಿಸುವುದು ನಮ್ಮ ಕಡೆಯಿಂದ ಕಂಡ ನಮ್ಮನ್ನು ಮಾತ್ರ. ನನ್ನ ಮಾತಿನಿಂದ ನೊಂದವನು ಕಂಡ ನಾನು, ನನ್ನ ಕೈಕೆಳಗೆ ದುಡಿಯುವವನು ಕಂಡ ನಾನು, ನನ್ನ ಮನೆಯ ಹೆಂಗಸರು ಮಕ್ಕಳು ಕಂಡ ನಾನು ಅಲ್ಲಿ ಮೂಡುವುದಿಲ್ಲ.

ಇದಕ್ಕೆ ಪರಿಹಾರವನ್ನೂ ಕನ್ನಡಿಯೇ ಹೇಳಿಕೊಡುತ್ತದೆ. ಎರಡು ಸಮತಲ ಕನ್ನಡಿಗಳನ್ನು ತೆಗೆದುಕೊಂಡು ತೆರೆದ ಪುಸ್ತಕದಂತೆ ನೇರವಾಗಿ ನಿಲ್ಲಿಸಿ, ನಡುವಿನ ಕೋನ ಸರಿಯಾಗಿ ತೊಂಬತ್ತು ಅಂಶವಾಗುವಂತೆ ಜೋಡಿಸಿರಿ. ಆ ಮೂಲೆಯಲ್ಲಿ ನಿಮ್ಮ ಮುಖವನ್ನು ನೋಡಿಕೊಳ್ಳಿರಿ. ಬಲಗೈ ಎತ್ತಿದರೆ ಎದುರಿನ ರೂಪವು, ಎದುರು ನಿಂತ ಮನುಷ್ಯನು ಎತ್ತುವಂತೆ, ತನ್ನ ಬಲಗೈಯನ್ನೇ ಎತ್ತುತ್ತದೆ. ಒಂದು ಕನ್ನಡಿ ತಿರುಗಿಸಿದ್ದನ್ನು ಎರಡನೆಯದು ಸರಿಪಡಿಸಿದೆ. ಜಗತ್ತು ನಿಮ್ಮನ್ನು ಹೇಗೆ ಕಾಣುತ್ತದೆಯೋ ಹಾಗೆ ನೀವು ನಿಮ್ಮನ್ನು ಕಾಣುವಿರಿ. ಮೊದಲ ಸಲ ನೋಡಿದವರು ತಲೆ ಬಾಚಿಕೊಳ್ಳಲೂ ತಡವರಿಸುತ್ತಾರೆ.

ಆದರೆ ಎರಡನೆಯ ಕನ್ನಡಿಯನ್ನು ಹೇಗೆ ನಿಲ್ಲಿಸಬೇಕೆಂಬುದು ಮುಖ್ಯ. ಅದು ಮೊದಲನೆಯದಕ್ಕೆ ಅಡ್ಡವಾಗಿ, ಲಂಬವಾಗಿ ನಿಲ್ಲಬೇಕು. ಎದುರುಬದುರಾಗಿ ಸಮಾನಾಂತರವಾಗಿ ನಿಲ್ಲಿಸಿದರೆ ಏನಾಗುತ್ತದೆ? ಎದುರುಬದುರು ಗೋಡೆಗಳಿಗೆ ಕನ್ನಡಿ ಹಾಕಿದ ಕ್ಷೌರದ ಅಂಗಡಿಯಲ್ಲಿ ಕುಳಿತವರೆಲ್ಲ ಇದನ್ನು ಕಂಡಿದ್ದಾರೆ. ಒಂದು ತಲೆಗೆ ನೂರು ತಲೆ; ಕೊನೆಯೇ ಇಲ್ಲದ ಸಾಲು; ಆದರೆ ಹಿಂದೆ ಹಿಂದೆ ಸರಿದಂತೆ ಒಂದೊಂದೂ ಮಬ್ಬು. ಹೊಗಳುಭಟರ ನಡುವೆ ಕುಳಿತ ದೊಡ್ಡಮನುಷ್ಯನ ಸ್ಥಿತಿ ಇದೇ. ತಾನು ಹೇಳಿದ್ದನ್ನು ಅವರು ಹೇಳುವರು, ಅವರು ಹೇಳಿದ್ದನ್ನು ತಾನು ನಂಬುವನು. ತನ್ನ ರೂಪವೇ ದಿಗಂತದವರೆಗೆ ವ್ಯಾಪಿಸಿದೆಯೆಂದು ಭ್ರಮಿಸುವನು. ಹೊಸದಾಗಿ ಏನೊಂದೂ ಅಲ್ಲಿ ಕಾಣುವುದಿಲ್ಲ. ನಮಗೆ ಅನುಕೂಲವಾಗಿ ನಿಂತವನಿಗಿಂತ ಅಡ್ಡವಾಗಿ ನಿಂತವನು ಹೆಚ್ಚಿನ ಉಪಕಾರಿ ಎಂಬ ಕಹಿಯಾದ ಮಾತನ್ನು ಬೆಳಕಿನ ಶಾಸ್ತ್ರವೇ ಸಾರುತ್ತಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಈ ಮರ್ಮವನ್ನು ಬಲ್ಲವರಾಗಿದ್ದರು. ಏಕಾಂತದ ಸಾಧನೆಯಿಂದಲೇ ಎಲ್ಲವೂ ಆಗುವುದಾಗಿದ್ದರೆ ಅನುಭವ ಮಂಟಪದ ಅಗತ್ಯವೇ ಇರುತ್ತಿರಲಿಲ್ಲ. ಒಬ್ಬರ ಅನುಭಾವವನ್ನು ಮತ್ತೊಬ್ಬರ ಎದುರಿಗೆ ಇಟ್ಟು ಒರೆಗೆ ಹಚ್ಚುವುದೇ ಅಲ್ಲಿಯ ಕಾರ್ಯವಾಗಿತ್ತು. ಶೂನ್ಯಸಂಪಾದನೆಯ ಕಥನದಲ್ಲಿ ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗವನ್ನು ನೆನೆಯಿರಿ. ಕೆರೆ ಕಟ್ಟೆಗಳನ್ನು ಕಟ್ಟಿಸುತ್ತ, ಗುಡಿಗಳನ್ನು ನಿಲ್ಲಿಸುತ್ತ ಲೋಕೋಪಕಾರದಲ್ಲಿ ಮುಳುಗಿದ್ದ ಆ ಮಹಾನುಭಾವನನ್ನು ಕೊಂಡಾಡುವವರಿಗೆ ಬರವಿರಲಿಲ್ಲ. ಅಲ್ಲಮಪ್ರಭು ಬಂದು ಅಡ್ಡವಾಗಿ ನಿಂತನು. ಕಟುವಾಗಿ ನುಡಿದನು. ಸಿದ್ಧರಾಮನಿಗೆ ಮೊದಲು ಬಂದದ್ದು ಕೋಪ. ಕೋಪ ಇಳಿದ ಮೇಲೆ ಕಂಡದ್ದು ತನ್ನ ಕಾಯಕದೊಳಗೇ ಅಡಗಿದ್ದ ‘ನಾನು ಮಾಡಿದೆ’ ಎಂಬ ಭಾವ. ಸೊನ್ನಲಿಗೆಯಲ್ಲಿಯೇ ಇದ್ದಿದ್ದರೆ ಆತನ ಮನಸ್ಸಾಕ್ಷಿ ಆತನಿಗೆ ಅದನ್ನು ಎಂದಾದರೂ ತೋರಿಸುತ್ತಿತ್ತೇ?

ಇದಕ್ಕಿಂತಲೂ ಮನೆಮಾತಿನ ಉದಾಹರಣೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಸಿಕ್ಕಿತು, ತಂದನು. ಕದ್ದದ್ದಲ್ಲ, ಕಸಿದದ್ದಲ್ಲ, ಜಂಗಮ ದಾಸೋಹಕ್ಕಾಗಿಯೇ ತಂದದ್ದು. ಅವನ ಮನಸ್ಸಾಕ್ಷಿ ಶುದ್ಧವಾಗಿತ್ತು. ಲಕ್ಕಮ್ಮ ನೋಡಿದಳು, ಇದು ನಮಗೆ ಬೇಕಾದ ಅಳತೆಯನ್ನು ಮೀರಿತು, ಮೀರಿದ್ದು ಆಸೆ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯನು ಹೋಗಿ ಸುರಿದು ಬಂದನು. ಈ ಕಥೆಯನ್ನು ಹೇಳುವಾಗ ನಾವು ಲಕ್ಕಮ್ಮನನ್ನು ಹೊಗಳುತ್ತೇವೆ, ಅದು ಸರಿಯೇ. ಆದರೆ ಅವಳ ಮಾತನ್ನು ಕೇಳಿ ಹಿಂದಿರುಗಿ ಹೋದ ಮಾರಯ್ಯನ ಕಾಲುಗಳನ್ನೂ ನೆನೆಯಬೇಕು. ಕನ್ನಡಿ ಎಷ್ಟೇ ಚೊಕ್ಕವಾಗಿದ್ದರೂ ನೋಡುವವನು ಕಣ್ಣು ಮುಚ್ಚಿಕೊಂಡರೆ ಫಲವೇನು?

ಹಾಗೆಂದು ಬಂದವರ ಮಾತನ್ನೆಲ್ಲ ತಲೆಯ ಮೇಲೆ ಹೊರಬೇಕೆ? ಲೋಕದಲ್ಲಿ ಅಸೂಯೆಯುಳ್ಳವರಿಲ್ಲವೇ, ಇಲ್ಲದ್ದನ್ನು ಹೇಳುವವರಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಆಕ್ಷೇಪಣೆ. ಎಲ್ಲ ಕನ್ನಡಿಯೂ ಸಮತಲವಲ್ಲ. ಜಾತ್ರೆಯಲ್ಲಿ ದುಡ್ಡು ಕೊಟ್ಟು ನೋಡುವ ಸೊಟ್ಟ ಕನ್ನಡಿಗಳು ತೆಳ್ಳಗಿನವನನ್ನು ಡೊಳ್ಳನನ್ನಾಗಿಯೂ ಎತ್ತರದವನನ್ನು ಕುಳ್ಳನನ್ನಾಗಿಯೂ ತೋರಿಸುತ್ತವೆ. ಒಳಕ್ಕೆ ಬಾಗಿದ ಕನ್ನಡಿ ಹತ್ತಿರದ ವಸ್ತುವನ್ನು ಹಿಗ್ಗಿಸುತ್ತದೆ. ಹೊರಕ್ಕೆ ಉಬ್ಬಿದ್ದು ಕುಗ್ಗಿಸುತ್ತದೆ. ಸಮತಲ ಕನ್ನಡಿಯೊಂದೇ ಇದ್ದದ್ದನ್ನು ಇದ್ದಷ್ಟೇ ಅಳತೆಯಲ್ಲಿ ತೋರಿಸುವುದು. ಹಿತವಚನ ಹೇಳುವವನಲ್ಲಿ ನೋಡಬೇಕಾದ ಮೊದಲನೆಯ ಗುಣ ಈ ಸಮತೆ. ದ್ವೇಷದಿಂದ ಹಿಗ್ಗಿಸದೆ, ದಾಕ್ಷಿಣ್ಯದಿಂದ ಕುಗ್ಗಿಸದೆ ಆಡುವ ಮಾತೇ ಮಾತು.

ಎರಡನೆಯದು ವಾಲದಿರುವುದು. ಕನ್ನಡಿಯನ್ನು ಒಂದು ಅಂಶದಷ್ಟು ತಿರುಗಿಸಿದರೆ ಅದರಿಂದ ಹೊರಡುವ ಕಿರಣ ಎರಡು ಅಂಶದಷ್ಟು ತಿರುಗುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಗ್ಯಾಲ್ವನೋಮೀಟರಿನ ಪುಟ್ಟ ಕನ್ನಡಿಯಿಂದ ಬಿದ್ದ ಬೆಳಕಿನ ಚುಕ್ಕೆ ಅಳತೆಪಟ್ಟಿಯ ಮೇಲೆ ಓಡುವುದನ್ನು ವಿಜ್ಞಾನ ಓದಿದವರು ಕಂಡಿರುತ್ತೀರಿ. ಕನ್ನಡಿ ಅಲುಗಿದ್ದು ಕಣ್ಣಿಗೂ ಕಾಣುವುದಿಲ್ಲ. ಚುಕ್ಕೆ ಮಾತ್ರ ದೂರಕ್ಕೆ ಸರಿದಿರುತ್ತದೆ. ತೀರ್ಪು ಹೇಳುವವನ ಮನಸ್ಸು ಒಂದು ಪಕ್ಷಕ್ಕೆ ಕೂದಲಷ್ಟು ವಾಲಿದರೆ ಅನ್ಯಾಯವು ಅದರ ಇಮ್ಮಡಿಯಾಗುವುದೆಂಬುದನ್ನು ಹಿರಿಯರಾದವರು, ನ್ಯಾಯ ಪಂಚಾಯಿತಿ ಮಾಡುವವರು, ಶಾಲೆಗಳಲ್ಲಿ ಅಂಕ ಹಾಕುವವರು ಮರೆಯಬಾರದು.

ಮೂರನೆಯದು ಏನನ್ನೂ ಇಟ್ಟುಕೊಳ್ಳದಿರುವುದು. ಮುಖ ಸರಿದೊಡನೆ ಕನ್ನಡಿಯಿಂದ ಬಿಂಬವೂ ಸರಿಯುತ್ತದೆ. ನಿನ್ನೆ ಮಸಿ ಮೆತ್ತಿಕೊಂಡು ಬಂದವನು ಇಂದು ತೊಳೆದುಕೊಂಡು ಬಂದರೆ ಕನ್ನಡಿ ನಿನ್ನೆಯ ಮಸಿಯನ್ನು ತೋರಿಸುವುದಿಲ್ಲ. ನಾವಾದರೋ ಇಪ್ಪತ್ತು ವರ್ಷದ ಹಿಂದಿನ ತಪ್ಪನ್ನು ಮದುವೆ ಮನೆಯಲ್ಲಿ, ಮಣ್ಣಿನ ಮನೆಯಲ್ಲಿ ಎತ್ತಿ ಆಡುತ್ತೇವೆ. ತಿದ್ದಿಕೊಂಡವನಿಗೆ ಹಳೆಯ ಮುಖವನ್ನು ತೋರಿಸುವವನು ಕನ್ನಡಿಯಲ್ಲ, ಚಿತ್ರಪಟ.

ಈ ಮೂರು ಗುಣಗಳಲ್ಲಿ ಒಂದೆರಡು ಕಡಿಮೆಯಿದ್ದರೂ ಆ ಮಾತಿನಲ್ಲಿ ಎಷ್ಟು ಬೆಳಕಿದೆಯೋ ಅಷ್ಟನ್ನು ತೆಗೆದುಕೊಳ್ಳುವುದು ಜಾಣತನ. ಸೊಟ್ಟ ಕನ್ನಡಿಯಲ್ಲಿಯೂ ಹಣೆಯ ಮಸಿ ಮಸಿಯಾಗಿಯೇ ಕಾಣುತ್ತದೆ. ಅದರ ಗಾತ್ರವನ್ನಷ್ಟೇ ನಂಬಬಾರದು.

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬ ಗಾದೆಯನ್ನು ಕೆಲವರು ಇಲ್ಲಿ ಎದುರಿಗೆ ತರಬಹುದು. ಅಂಗೈಯ ಹುಣ್ಣಿಗೆ ಬೇಡ, ನಿಜ. ಆದರೆ ಬೆನ್ನಿನ ಹುಣ್ಣಿಗೆ? ಅದಕ್ಕೆ ಒಂದಲ್ಲ, ಎರಡು ಕನ್ನಡಿ ಬೇಕು. ಮನುಷ್ಯನ ದೋಷಗಳಲ್ಲಿ ಅಂಗೈಯವು ಕಡಿಮೆ, ಬೆನ್ನಿನವು ಹೆಚ್ಚು. ಸುಳ್ಳು ಹೇಳಿದವನಿಗೆ ತಾನು ಹೇಳಿದ್ದು ಸುಳ್ಳೆಂದು ಗೊತ್ತಿರುತ್ತದೆ. ಆದರೆ ಗರ್ವಿಗೆ ತನ್ನ ಗರ್ವ ಆತ್ಮಗೌರವವಾಗಿ ಕಾಣುತ್ತದೆ. ಜಿಪುಣನಿಗೆ ತನ್ನ ಜಿಪುಣತನ ಮಿತವ್ಯಯವಾಗಿ ಕಾಣುತ್ತದೆ. ಮನೆಯವರನ್ನು ಗದರಿಸುವವನಿಗೆ ತನ್ನ ಗದರಿಕೆ ಶಿಸ್ತಾಗಿ ಕಾಣುತ್ತದೆ. ದಾವಣಗೆರೆಯ ದಲ್ಲಾಳಿ ಮಂಡಿಯ ಎಂಥ ಪ್ರಾಮಾಣಿಕ ವರ್ತಕನೂ ತನ್ನ ಕಿರ್ದಿ ಖಾತೆಗಳನ್ನು ಇನ್ನೊಬ್ಬ ಲೆಕ್ಕಪರಿಶೋಧಕನಿಗೆ ತೋರಿಸಿಯೇ ತೋರಿಸುತ್ತಾನೆ. ಅದರಲ್ಲಿ ಅವಮಾನವೇನೂ ಇಲ್ಲ. ಹಣದ ಲೆಕ್ಕಕ್ಕೆ ಒಪ್ಪಿದ ಈ ಮರ್ಯಾದೆಯನ್ನು ಬಾಳಿನ ಲೆಕ್ಕಕ್ಕೆ ಒಪ್ಪಲು ನಾವೇಕೆ ಹಿಂಜರಿಯುತ್ತೇವೆ?

ನಮ್ಮ ಇಂದಿನ ಸ್ಥಿತಿಯನ್ನು ಸ್ವಲ್ಪ ನೋಡಿಕೊಳ್ಳೋಣ. ಸನ್ಮಾನ ಸಮಾರಂಭಗಳು ಹೆಚ್ಚಿವೆ, ಅಭಿನಂದನ ಗ್ರಂಥಗಳು ಹೆಚ್ಚಿವೆ, ಊರಿನ ಅಗಸೆಯಲ್ಲಿ ಆಳೆತ್ತರದ ಭಾವಚಿತ್ರಗಳು ಹೆಚ್ಚಿವೆ. ಇವೆಲ್ಲ ಎದುರುಬದುರು ನಿಲ್ಲಿಸಿದ ಕನ್ನಡಿಗಳು. ಹಿರಿಯರಿಗೆ ಅವರ ತಪ್ಪನ್ನು ವಿನಯದಿಂದ ಹೇಳುವ ಕಿರಿಯರು, ಅದನ್ನು ಶಾಂತಿಯಿಂದ ಕೇಳುವ ಹಿರಿಯರು ಎಷ್ಟು ಮಂದಿ ಉಳಿದಿದ್ದಾರೆ? ಮನೆಯ ಲಕ್ಕಮ್ಮ ಬಾಯಿ ತೆರೆದರೆ “ನಿನಗೇನು ತಿಳಿಯುತ್ತದೆ, ಸುಮ್ಮನಿರು” ಎನ್ನುವ ಮಾರಯ್ಯಗಳೇ ಹೆಚ್ಚಾಗಿಲ್ಲವೇ? ಸಂಘ ಸಂಸ್ಥೆಗಳಿಗೂ ಮಠ ಮಾನ್ಯಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಹೊರಹೋದ ಹಳೆಯ ವಿದ್ಯಾರ್ಥಿಗಳು ಮಠಕ್ಕೆ ಕಾಣಿಕೆಯನ್ನು ಕೊಡುತ್ತಾರೆ, ಅದು ಸಂತೋಷ. ಅದರೊಡನೆ, ಹೊರಗಿನ ಲೋಕದಿಂದ ಮಠ ಹೇಗೆ ಕಾಣುತ್ತದೆಂಬ ನಿಷ್ಠುರವಾದ ಮಾತನ್ನೂ ಭಕ್ತಿಯಿಂದ ತಂದು ಒಪ್ಪಿಸಿದರೆ ಅದು ಇನ್ನೂ ದೊಡ್ಡ ಕಾಣಿಕೆ. ದಾವಣಗೆರೆಯ ವಿರಕ್ತಮಠದಲ್ಲಿ ೧೯೧೩ರಲ್ಲಿ ಮೃತ್ಯುಂಜಯ ಅಪ್ಪಗಳೂ ಹರ್ಡೇಕರ ಮಂಜಪ್ಪನವರೂ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮೊದಲು ಮಾಡಿದರು. ಒಂದು ಸಮಾಜವು ತನ್ನ ಮೂಲಪುರುಷನನ್ನು ಎದುರಿಗಿಟ್ಟುಕೊಂಡು ತನ್ನನ್ನು ತಾನು ನೋಡಿಕೊಳ್ಳಬೇಕೆಂಬುದು ಅಂಥ ಆಚರಣೆಯ ಸಾರ. ಜಯಂತಿಯ ದಿನ ನಾವು ಬಸವಣ್ಣನನ್ನು ನೋಡುವುದಷ್ಟೇ ಅಲ್ಲ. ಬಸವಣ್ಣನ ಎದುರಿಗೆ ನಾವು ಹೇಗೆ ಕಾಣುತ್ತೇವೆ ಎಂಬುದನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಮಾತನ್ನು ಹೇಳದೆ ಈ ವಿಷಯ ಪೂರ್ಣವಾಗದು. ಭಕ್ತನು ಅಂಗೈಯಲ್ಲಿ ಹಿಡಿದು ನೋಡುವ ಇಷ್ಟಲಿಂಗವೂ ಒಂದು ದರ್ಪಣವೇ. ಅದರ ಕರಿಯ ಕಂತಿಯ ಮೈ ನುಣುಪಾಗಿ ಹೊಳೆಯುತ್ತದೆ. ಆದರೆ ಅದು ಸಮತಲವಲ್ಲ, ಹೊರಕ್ಕೆ ಉಬ್ಬಿದ್ದು. ಅಂಥ ಮೈಯಲ್ಲಿ ನೋಡುವವನ ಮುಖ ಅತ್ಯಂತ ಚಿಕ್ಕದಾಗುತ್ತದೆ. ಪಕ್ಕದ ದೀಪ ಒಂದು ಉಜ್ಜ್ವಲವಾದ ಬಿಂದುವಾಗಿ ನಿಲ್ಲುತ್ತದೆ. ಗೋಡೆಯ ಕನ್ನಡಿಯ ಮುಂದೆ ನಿಂತಾಗ ತುಂಬಿಕೊಳ್ಳುವುದು ‘ನಾನು’. ಲಿಂಗದ ಮುಂದೆ ಕುಳಿತಾಗ ‘ನಾನು’ ಕುಗ್ಗಿ ಬೆಳಕು ಉಳಿಯುತ್ತದೆ. ಕುಗ್ಗಿಸುವ ಕನ್ನಡಿಯನ್ನು ನೆರೆಯವರ ಕೈಗೆ ಕೊಡಬಾರದು. ತನ್ನ ಕೈಯಲ್ಲಿ ತಾನೇ ಹಿಡಿಯಬೇಕು.

ಎರಡು ಕನ್ನಡಿಗಳ ಮೂಲೆ ನಮ್ಮ ನಿಜವಾದ ಮುಖವನ್ನು ತೋರಿಸುವುದನ್ನು ಕಂಡೆವು. ಮೂರು ಸಮತಲ ಮುಖಗಳನ್ನು ಒಂದಕ್ಕೊಂದು ಲಂಬವಾಗಿ, ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ ಕೂಡಿಸಿದರೆ ಮತ್ತೊಂದು ಚಮತ್ಕಾರವಾಗುತ್ತದೆ. ಯಾವ ದಿಕ್ಕಿನಿಂದ ಕಿರಣ ಆ ಮೂಲೆಯೊಳಕ್ಕೆ ಬಂದರೂ ಬಂದ ದಿಕ್ಕಿಗೇ ಹಿಂದಿರುಗುತ್ತದೆ. ೧೯೬೯ರಲ್ಲಿ ಅಪೋಲೋ ಹನ್ನೊಂದರ ಯಾತ್ರಿಕರು ಇಂಥ ನೂರು ಗಾಜಿನ ಮೂಲೆಗಳ ಒಂದು ಫಲಕವನ್ನು ಚಂದ್ರನ ಮೇಲೆ ಇರಿಸಿ ಬಂದರು. ಭೂಮಿಯಿಂದ ಬಿಟ್ಟ ಲೇಸರ್ ಬೆಳಕು ಅಲ್ಲಿಗೆ ಮುಟ್ಟಿ ಹಿಂದಿರುಗುವ ಕಾಲವನ್ನು ಅಳೆದು, ಚಂದ್ರನು ವರ್ಷಕ್ಕೆ ಸುಮಾರು ೩.೮ ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿರುವನೆಂದು ತಿಳಿದರು. ೨೦೨೩ರ ಆಗಸ್ಟ್ ೨೩ರಂದು ಚಂದ್ರನ ಮೇಲಿಳಿದ ನಮ್ಮ ಚಂದ್ರಯಾನ ಮೂರರ ವಿಕ್ರಮ ನೌಕೆಯಲ್ಲಿಯೂ ಅಂಗೈಗಿಂತ ಚಿಕ್ಕದಾದ ಅಂಥ ಒಂದು ಸಾಧನವಿದೆ. ಅದೇ ವರ್ಷದ ಡಿಸೆಂಬರ್ ೧೨ರಂದು ಚಂದ್ರನನ್ನು ಸುತ್ತುತ್ತಿದ್ದ ಅಮೆರಿಕದ ಒಂದು ನೌಕೆ ನೂರು ಕಿಲೋಮೀಟರ್ ದೂರದಿಂದ ಬಿಟ್ಟ ಬೆಳಕನ್ನು ಅದು ತಪ್ಪದೆ ಹಿಂದಿರುಗಿಸಿತು. ನೌಕೆಯ ಯಂತ್ರಗಳು ಆ ವೇಳೆಗೆ ಸ್ತಬ್ಧವಾಗಿದ್ದವು. ಕನ್ನಡಿಯ ಧರ್ಮ ಮಾತ್ರ ಸ್ತಬ್ಧವಾಗಿರಲಿಲ್ಲ.

ಗುರು, ಲಿಂಗ, ಜಂಗಮಗಳೆಂಬ ಮೂರನ್ನು ನಮ್ಮ ಧರ್ಮ ಒಟ್ಟಿಗೆ ಹೇಳಿರುವುದರ ಅರ್ಥ ಈ ಮೂಲೆಯನ್ನು ನೋಡಿದಾಗ ಹೊಳೆಯುತ್ತದೆ. ಗುರು ಅರಿವನ್ನು ಎದುರಿಗೆ ಹಿಡಿಯುವನು. ಲಿಂಗವು ಅಂತರಂಗವನ್ನು ತೋರುವುದು. ಜಂಗಮವು, ಎಂದರೆ ಚಲಿಸುವ ಸಮಾಜವು, ಹೊರಗಿನಿಂದ ನಾವು ಕಾಣುವ ಬಗೆಯನ್ನು ತಿಳಿಸುವುದು. ಒಂದನ್ನು ಹಿಡಿದು ಎರಡನ್ನು ಬಿಟ್ಟವನ ಬೆಳಕು ಬೇರೆಲ್ಲಿಗೋ ಚದರಿಹೋಗುತ್ತದೆ. ಮೂರೂ ಸರಿಯಾಗಿ ಕೂಡಿದೆಡೆಯಲ್ಲಿ, ಜೀವನು ಯಾವ ದಿಕ್ಕಿನಿಂದ ಬಂದಿರಲಿ, ತಾನು ಹೊರಟ ಮೂಲಕ್ಕೆ ಮರಳುವನು.

ಆದುದರಿಂದ, ಬಂಧುಗಳೇ, ನಾಳೆ ಮುಂಜಾನೆ ಮಿಂದು ವಿಭೂತಿ ಧರಿಸಲು ಕನ್ನಡಿಯ ಮುಂದೆ ನಿಂತಾಗ, ನಿಮಗೆ ಅಡ್ಡವಾಗಿ ನಿಲ್ಲಬಲ್ಲವರು ಯಾರಿದ್ದಾರೆ ಎಂಬುದನ್ನು ಒಂದು ನಿಮಿಷ ಯೋಚಿಸಿರಿ. ಮಡದಿಯಿರಬಹುದು, ಮಗನಿರಬಹುದು, ಮುನಿಸಿಕೊಂಡು ದೂರವಾದ ಗೆಳೆಯನಿರಬಹುದು, ಹೊಲದಲ್ಲಿ ದುಡಿಯುವ ಆಳುಮಗನಿರಬಹುದು. ಅವರಲ್ಲಿ ಒಬ್ಬರನ್ನಾದರೂ ಕರೆದು “ನನ್ನಲ್ಲಿ ನಿಮಗೆ ಕಾಣುವುದನ್ನು ಹೇಳಿ” ಎಂದು ಕೇಳಿರಿ. ಹೇಳುವವರೆಗೆ ನಡುವೆ ಬಾಯಿ ಹಾಕಬೇಡಿರಿ. ಅಂಥವರು ಯಾರೂ ಇಲ್ಲವೆಂದಾದರೆ, ಇಲ್ಲದಂತಾದುದು ಹೇಗೆ ಎಂಬುದೇ ಅಂದಿನ ವಿಚಾರವಾಗಲಿ.